ಅಕ್ಕನ ಗಾಳಿಯಂತ್ರ

ಒಂದಾನೊಂದು ಸಂಜೆ ಇಬ್ಬರು ಎಂಜಿನಿಯರ್ ಅಕ್ಕತಂಗಿಯರಿದ್ದರು. ಇಬ್ಬರ ಉಸ್ತುವಾರಿಯಲ್ಲೂ ಕರೆಂಟ್ ತಯಾರಿಸುವ ಒಂದೊಂದು ಗಾಳಿಯಂತ್ರವಿತ್ತು. ಬಸ್ಸಿನ ಸಾಲಿನಲ್ಲಿ ನಾನು ಅವರ ಹಿಂದೆಯೇ ನಿಂತಿದ್ದೆ.

“ನಿಂದು ಒಂದೇ ಸಮ ಕರೆಂಟ್ ಕೊಡತ್ತೆ. ನಂದ್ಯಾಕೆ ಏರಿಳಿಯತ್ತೆ?” ಎಂದಳು ಅಕ್ಕ.

“ರೆಕ್ಕೆ ಆಚೀಚೆ ಅಲ್ಲಾಡಿಸಿ ನೋಡ್ತಾ ತಾನೇ ಅದು ಹೆಚ್ಚು ಕರೆಂಟ್ ಬರೋ ಓರೆ ಹುಡುಕೋದು? ನೀನು ಸಲಕ್ಕೆ ಎರಡೆರಡು ಡಿಗ್ರಿ ಅಲ್ಲಾಡಿಸ್ತೀಯ. ಸರಿಯಾದ ಓರೆ ಸಿಕ್ಕಿದ್ರೂ ದಾಟಿಹೋಗತ್ತೆ” ಎಂದಳು ತಂಗಿ.

“ಬೇಗ ಸಿಗ್ಲಿ ಅಂತ! ನಿಂದು ಆಮೆ.”

“ಹೌದು, ಅರ್ಧ ಡಿಗ್ರಿ. ಓರೆ ಸಿಗೋಕೆ ಮೂರು ಗಂಟೆ ಹಿಡೀತು.”

“ಅಲ್ಲಾಡಿಸೋದೇ ನಿಲ್ಲಿಸಿದ್ರೆ?”

“ಕಣ್ಣು ಕಟ್ಟಿದ ಹಾಗೆ. ಗಾಳಿ ಬದಲಾದ್ರೆ ತಿಳಿಯಲ್ಲ.”

“ಎಲ್ರೂ ನಿನ್ನನ್ನೇ ಹೊಗಳ್ತಾರೆ. ಹೊಟ್ಟೆ ಉರಿಯತ್ತೆ ಕಣೇ.”

“ಗೊತ್ತು. ಇವತ್ತೇ ಸರಿಮಾಡ್ತೀನಿ ಅಂತ ಸಾಹೇಬ್ರಿಗೆ ಮಾತು ಕೊಟ್ಟಿದ್ದೆಯಲ್ಲ?”

ಬಸ್ಸು ಬಂತು. ಅಕ್ಕ ಕಂಟ್ರೋಲ್ ರೂಮಿಗೆ ಫೋನ್ ಮಾಡಿದಳು.

“ನನ್ನ ಯಂತ್ರದ ರೆಕ್ಕೆ ಅಲ್ಲಾಡಿಸೋದನ್ನ ಅರ್ಧ ಡಿಗ್ರಿಗೆ ಇಳಿಸಿ. ಇಳಿಸಿದ್ರಾ? ಸರಿ. ಅಲ್ಲ, ನನ್ನ ಲೆಕ್ಕ ಅಲ್ಲ, ನನ್ನ ತಂಗೀದು.”

ಇಬ್ಬರೂ ಬಸ್ಸು ಹತ್ತಿದರು.