ಎಂಟರಲ್ಲಿ ಉಳಿದ ಒಂದು

ಅಂದು ಮಧ್ಯಾಹ್ನ ಮೇಸ್ತ್ರಿಯ ಷೆಡ್ಡಿನಲ್ಲಿ ಮನುಕುಲದ ಒಂದು ಗಂಭೀರ ಪ್ರಶ್ನೆ ತೀರ್ಮಾನವಾಗಬೇಕಿತ್ತು: ಹಲ್ಲಿನ ಡಾಕ್ಟರ ಹಳೆಯ ಕಾರಿನ ಸವೆದ ರಾಕರ್ ತೋಳುಗಳನ್ನು ಉಜ್ಜಿ ಮತ್ತೆ ಹಾಕುವುದೋ, ಹೊಸದನ್ನೇ ತರುವುದೋ. ಹಳೇ ಕಾರುಗಳ ಗೀಳು ಹತ್ತಿದ ನಾವು ಐವರೂ ಸೇರಿದ್ದೆವು. ದೇಶಗಳ ಗಡಿ ಎಳೆಯುವವರೂ ಅಷ್ಟು ಹೊತ್ತು ಮುಖ ಗಂಟಿಕ್ಕಿಕೊಂಡು ಕೂತಿರಲಾರರು. ತಗಡಿನ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಎಂಬತ್ತು ದಾಟಿದ ಮೇಸ್ತ್ರಿ ಒಂದು ತೋಳನ್ನು ಅಂಗೈಯಲ್ಲಿಟ್ಟುಕೊಂಡು ಅದರ ತುದಿಯ ಗುಳಿಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಬೆರಳುದ್ದದ ಕಬ್ಬಿಣ, ಎಂಜಿನ್ನಿನ ನೆತ್ತಿಯ ಮೇಲೆ ತಕ್ಕಡಿಯಂತೆ ಏರಿಳಿಯುತ್ತ ವಾಲ್ವನ್ನು ಒತ್ತಿ ತೆರೆಯುವುದಷ್ಟೇ ಅದರ ಉದ್ಯೋಗ.

“ಹಳೇದನ್ನ ಬಿಸಾಕಿ ಸಾರ್, ಅದೇನು ವಂಶದ ಒಡವೇನಾ?” ಎಂದರು ನಮ್ಮಲ್ಲೊಬ್ಬರಾದ ಬ್ಯಾಂಕಿನ ಕ್ಯಾಷಿಯರು.

“ಆತುರ ಬೇಡ್ರಪ್ಪ,” ಎಂದರು ಮೇಸ್ತ್ರಿ. “ಒಂದ್ಸಲ ನಾನು ಆತುರಪಟ್ಟು ಒಬ್ಬ ಮನುಷ್ಯನ್ನ ನಡುದಾರೀಲಿ ಬಿಟ್ಬಿಟ್ಟೆ. ಸತ್ತ ಮನುಷ್ಯ ಅನ್ನಿ.”

ಹಲ್ಲಿನ ಡಾಕ್ಟರು ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡರು.

“ನನಗಾಗ ಮೂವತ್ತೆರಡು... ಕೈಯಲ್ಲಿ ಕಸುಬಿತ್ತು, ತಲೇಲಿ ಕೊಬ್ಬಿತ್ತು. ಒಬ್ರು ಟೀಚರಮ್ಮ, ಗಂಡ ತೀರ್ಕೊಂಡು ಆರು ತಿಂಗಳು. ಅವರ ಕಾರನ್ನ ಮೈದುನ ತಂದು ಬಿಟ್ಟ. ‘ಹೊಲಿಗೆ ಮಿಷನ್ ಥರ ಟಕ ಟಕ ಅನ್ನತ್ತೆ ಕಣಯ್ಯ, ಬಾಯಿ ಮುಚ್ಚಿಸು’ ಅಂದ. ಮುಚ್ಚಳ ತೆಗೆದ್ರೆ ಎಂಟಕ್ಕೆ ಎಂಟೂ ತೋಳು ಸವೆದು ಗುಳಿ ಬಿದ್ದಿದಾವೆ. ಈ ಗುಳಿ ಮಹಾ ಮೋಸಗಾರ, ಗೊತ್ತಾ? ಸಂದು ಅಳೆಯೋ ತಗಡು ತೂರಿಸಿದ್ರೆ ಅದು ಗುಳಿ ಮೇಲೆ ಸೇತುವೆ ಥರ ಮಲಗತ್ತೆ, ಅಳತೆ ಸರಿಯಾಗೇ ಇದೆ ಅನ್ಸತ್ತೆ, ಅದರ ಹಿಂದೆ ಖಾಲಿ... ಆ ಖಾಲಿ ಜಾಗವೇ ಟಕ್ ಅನ್ನೋದು. ಎಂಟೂ ಕಿತ್ತು ಹೊಸದು ಹಾಕ್ದೆ. ಎಂಜಿನ್ನು ನಿದ್ದೆ ಬಂದ ಬೆಕ್ಕಿನ ಹಾಗೆ ಗುರುಗುಟ್ತು. ಹಳೇದರಲ್ಲಿ ಏಳನ್ನ ಸಾಣೆಗೆ ಕೊಟ್ಟು ಗುಳಿ ಹೋಗೋ ಹಾಗೆ ಉಜ್ಜಿಟ್ಟೆ. ಎಂಟನೇದು ಮುಟ್ಟಲಿಲ್ಲ. ಹಳೇ ಸಾಮಾನಲ್ಲಿ ಒಂದನ್ನ ಇದ್ದ ಹಾಗೇ ಮಾದರಿಗೆ ಇಟ್ಕೊಬೇಕು ಅಂತ ನಮ್ಮ ಗುರುಗಳ ಕಟ್ಟಪ್ಪಣೆ.

“ಮೂರನೇ ದಿನ ಟೀಚರಮ್ಮನೇ ಬಂದ್ರು. ಬೈತಾರೆ ಅನ್ಕೊಂಡೆ. ಬೈಲಿಲ್ಲ. ‘ಅವರು ಬರ್ತಾ ಇಲ್ಲಪ್ಪ’ ಅಂದ್ರು. ಯಾರಮ್ಮ ಅಂದೆ. ‘ಇನ್ಯಾರು, ನಮ್ಮನೆಯವರು.’ ಬದುಕಿದ್ದಾಗ ದಿನಾ ನಾಲ್ಕು ಗಂಟೆಗೆ ಬೀದಿ ತಿರುವಲ್ಲಿ ಆ ಟಕಟಕ ಶುರುವಾಗೋದಂತೆ, ಇವರು ಒಲೆ ಮೇಲೆ ನೀರಿಡೋರಂತೆ. ತೀರ್ಕೊಂಡ ಮೇಲೂ... ಕಾರು ತಣ್ಣಗೆ ನಿಂತಿದೆ, ಕೀ ಮೊಳೇಲಿ ನೇತಾಡ್ತಿದೆ, ನಾಲ್ಕಾಯ್ತು ಅಂದ್ರೆ ತಿರುವಿಂದ ಟಕ ಟಕ ಟಕ... ಬೀದಿ ದಾಟಿ, ಗೇಟು ದಾಟಿ, ಬಾಗಿಲ ಮುಂದೆ ಬಂದು ನಿಲ್ಲೋದು. ಆಮೇಲೆ ಒಂದು ಗಂಟೆ ಕಾಲ ಎದುರಿನ ಕುರ್ಚಿ ಬೆಚ್ಚಗಿರೋದಂತೆ. ಅಷ್ಟೇ. ಅದಕ್ಕಿಂತ ಹೆಚ್ಚು ಯಾವ ಹೆಂಡ್ತಿ ಕೇಳ್ತಾಳೆ ಹೇಳಿ? ನಾನು ಆ ಮನುಷ್ಯನ ದಾರೀನೇ ಸಾಣೆ ಹಿಡಿದು ಅಳಿಸ್ಬಿಟ್ಟಿದ್ದೆ.

“ಹೊಸ ತೋಳುಗಳದೇ ಸಂದು ದೊಡ್ಡದು ಮಾಡಿ ಸದ್ದು ಬರಿಸ್ದೆ. ಟೀಚರಮ್ಮ ಕಿವಿಗೊಟ್ಟು ಕೇಳಿ, ‘ಇದು ಬರೀ ಸದ್ದಪ್ಪ’ ಅಂದ್ರು. ಕೊನೆಗೆ ಆ ಎಂಟನೇದನ್ನ ಹಾಕಿ ಕಳಿಸ್ದೆ. ಮಾರನೇ ದಿನ ನಾಲ್ಕಕ್ಕೆ ನಾನೂ ಅವರ ಮನೇಲಿ ಕೂತಿದ್ದೆ. ತಿರುವಲ್ಲಿ... ಟಕ್. ಆಮೇಲೆ ಏನೂ ಇಲ್ಲ. ಒಲೆ ಮೇಲೆ ನೀರು ಕುದ್ದು ಕುದ್ದು ಇಂಗಿಹೋಯ್ತು... ಎಷ್ಟೋ ಹೊತ್ತಿಗೆ ಇನ್ನೊಂದು, ಟಕ್. ಗೊತ್ತಾಯ್ತಾ? ಎಂಟರ ಮೇಲೆ ಓಡಿ ಬರ್ತಿದ್ದೋರು ಒಂದರ ಮೇಲೆ ತೆವಳ್ತಾ ಇದ್ರು. ಐದು ಗಂಟೆಗೆ ನಿಲ್ಲೋದು, ಮಾರನೇ ದಿನ ನಿಂತ ಕಡೆಯಿಂದಲೇ ಮತ್ತೆ ಶುರು. ದಿನಕ್ಕೆ ಬೆರಳಗಲ. ‘ಮದುವೆ ಮನೆಗೂ ತಡವಾಗೇ ಬಂದೋರು’ ಅಂತ ನಕ್ಕರು ಟೀಚರಮ್ಮ. ಒಂಬತ್ತು ವರ್ಷ ಕಾದ್ರು. ಗೇಟಿಗಿನ್ನು ಹತ್ತು ಹೆಜ್ಜೆ ಅನ್ನೋವಾಗ ಟೀಚರಮ್ಮನೇ ಹೋಗ್ಬಿಟ್ರು. ಹೋಗೋ ಮುಂಚೆ ಕಾರನ್ನ ನನಗೊಪ್ಪಿಸಿ, ‘ಅವರು ಬಂದಾಗ ನಾನಿಲ್ಲ ಅಂತ ನೀನೇ ಹೇಳು, ಮೆಲ್ಲಗೆ ಹೇಳು’ ಅಂದ್ರು.”

“ಈಗ ಇಬ್ಬರೂ ಮೇಲೇ ಸಿಕ್ಕಿರ್ತಾರೆ ಬಿಡಿ,” ಎಂದರು ಕ್ಯಾಷಿಯರು, ಯಾಕೋ ಸ್ವಲ್ಪ ಗಟ್ಟಿಯಾಗಿ.

“ಹೇಗೆ ಸಿಗ್ತಾರೆ ಸಾರ್? ಯಜಮಾನರು ಇನ್ನೂ ದಾರೀಲಿದಾರಲ್ಲ.” ಮೇಸ್ತ್ರಿ ಷೆಡ್ಡಿನ ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತಿದ್ದ ಕಾರಿನ ಕಡೆ ಗಲ್ಲ ಎತ್ತಿದರು. “ಕಾರು ಇಲ್ಲಿಗೆ ಬಂತು, ಸದ್ದೂ ಇತ್ತ ತಿರುಗ್ತು. ಈ ಬೀದಿಯ ತುದಿಯಿಂದ ಹೊರಟು ನಲವತ್ತು ವರ್ಷ... ಹೋದ ವರ್ಷ ಎದುರಿನ ಟೈಲರ್ ಅಂಗಡಿ ಹತ್ತಿರ ಇತ್ತು. ಈ ತಿಂಗಳು ಮೋರಿ ದಾಟ್ತು. ನಿನ್ನೆ ಅಳೆದು ನೋಡ್ದೆ, ಬಾಗಿಲಿಗೆ ಇನ್ನು ಬೆರಳಗಲ ಇತ್ತು.”

ಅವರು ಗಡಿಯಾರ ನೋಡಿದರು. ನಾಲ್ಕಕ್ಕೆ ಐದು ನಿಮಿಷವಿತ್ತು. ಎದ್ದು ಕೈಯ ಎಣ್ಣೆ ಒರೆಸಿಕೊಂಡು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

“ನಲವತ್ತು ವರ್ಷದಿಂದ ಯೋಚಿಸ್ತಿದೀನಿ,” ಎಂದರು, “ಹೇಗೆ ಹೇಳೋದು ಅಂತ ಇನ್ನೂ ಹೊಳೆದಿಲ್ಲ...”

ನಾವು ಐವರೂ ಹಿಂದಿನ ಬಾಗಿಲಿನಿಂದ ಹೋದೆವು.