ಪಾದಗಳಿಗೆ ಮಾತ್ರ ಉಣ್ಣೆ

ಮಾನ್ಯ ಅಧ್ಯಕ್ಷರೇ, ತೀವ್ರ ನಿಗಾ ಘಟಕದ ವೈದ್ಯರೇ, ದಾದಿಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಪ್ರೀತಿಯ ದಾದಿ ಹಿಲ್ಕ ಅವರೇ, ಕಾಫಿ ಆರುವ ಮುನ್ನ ಈ ಹುಡುಗಿ ಮಾತು ಮುಗಿಸಿದರೆ ಸಾಕು ಎಂದು ಹಾರೈಸುತ್ತಿರುವ ಸಭಿಕರೇ,

ನನ್ನ ಹೆಸರು ಸೈಮಿ. ರೋಗಿಗಳ ಮನೆಯವರ ಪರವಾಗಿ ಮಾತನಾಡಲು ನನ್ನನ್ನು ಕರೆದಿದ್ದಾರೆ. ಸಾಹಿತ್ಯ ಓದಿದವಳಿಗೆ ಮಾತು ಬರುತ್ತದೆ ಎಂದು ಯಾರೋ ತಪ್ಪು ತಿಳಿದಿದ್ದಾರೆ. ನಮ್ಮ ಮನೆಯಲ್ಲಿ ಮಾತು ಬರುವುದು ಅಮ್ಮ ಐಲಿಗೆ ಮಾತ್ರ. ಅಪ್ಪ ತೌನೊ ರಸ್ತೆಯ ಹಿಮ ತೆಗೆಯುವ ಗಾಡಿ ಓಡಿಸುತ್ತಿದ್ದರು. ಸಾಹಿತ್ಯ ಓದಿ ಏನು ಮಾಡ್ತೀಯ ಎಂದು ಅವರು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಏನನ್ನೂ ಕೇಳಲಿಲ್ಲ. ಆದರೆ ಇಡೀ ಊರು ಹಿಮದಲ್ಲಿ ಹೂತಿದ್ದರೂ ನಾನು ಬಸ್ಸು ಹತ್ತುವ ನಿಲ್ದಾಣ ಮಾತ್ರ ಯಾವಾಗಲೂ ಎಲ್ಲಕ್ಕಿಂತ ಮೊದಲು ತೆರವಾಗಿರುತ್ತಿತ್ತು. ಇರಲಿ, ನಾನು ಹೇಳಬೇಕಾದದ್ದು ಹಿಲ್ಕ ಅವರ ಬಗ್ಗೆ.

ಹೋದ ವರ್ಷದ ಚಳಿಗಾಲ. ಒಂದು ಶನಿವಾರ ಅಪ್ಪ ಸೌನಾದ ಬಿಸಿ ಹಬೆಯ ಕೋಣೆಯಿಂದ ಹೊರಬಂದು ಬೆಂಚಿನ ಮೇಲೆ ಕೂತವರು ಹಾಗೆಯೇ ಪಕ್ಕಕ್ಕೆ ವಾಲಿದರು. ಉಸಿರಿರಲಿಲ್ಲ. ಆಂಬುಲೆನ್ಸ್ ಬರುವವರೆಗೂ ಅಮ್ಮ, ಫೋನಿನಲ್ಲಿ ಹೇಳಿಕೊಟ್ಟ ಹಾಗೆ, ಅವರ ಎದೆ ಒತ್ತುತ್ತಲೇ ಇದ್ದಳು. "ಪಕ್ಕೆಲುಬು ಮುರಿದಿದ್ದು ನಾನೇ" ಎಂದು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಆಂಬುಲೆನ್ಸಿನವರು ಬಂದು ಕರೆಂಟಿನ ಹೊಡೆತ ಕೊಟ್ಟರು. ಹೃದಯ ಮತ್ತೆ ಬಡಿಯಿತು.

ಹೃದಯ ಬಡಿದ ಮೇಲೆ ಇನ್ನೇನು? ನಾವು ಹಾಗೆಯೇ ಅಂದುಕೊಂಡೆವು. ಕಟ್ಟಿಕೊಂಡಿದ್ದ ರಕ್ತನಾಳವನ್ನೂ ಆಸ್ಪತ್ರೆಯಲ್ಲಿ ಬಿಡಿಸಿದರು. ಆಮೇಲೆ ಹಿಲ್ಕ ಅವರು ನಮ್ಮ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ನೋಡಿ, ಹೃದಯ ಶುರುವಾಗಿದೆ, ಆದ್ರೆ ಸುಸ್ತಾಗಿದೆ. ಮಿದುಳಿಗೆ ಒಂದಷ್ಟು ಹೊತ್ತು ರಕ್ತವೇ ಸಿಕ್ಕಿಲ್ಲ. ಈಗ ಜ್ವರ ಬಂದ್ರೆ ಅದಕ್ಕೆ ಇನ್ನೂ ಪೆಟ್ಟು. ಅದಕ್ಕೇ ನಿದ್ದೆ ಮಾಡಿಸಿ, ಮೈ ಬಿಸಿಯಾಗದ ಹಾಗೆ ಇಟ್ಟಿದ್ದೀವಿ. ಕಾಯೋ ಕೆಲಸ ಈಗ ಶುರು."

"ಅಪ್ಪ ನಮಗೆ ಮತ್ತೆ ಸಿಗ್ತಾರಾ?" ಎಂದು ಕೇಳಿದೆ. ಅಪ್ಪ ಎಂದರೆ, ಮೊದಲಿನ ಅಪ್ಪ.

"ಗೊತ್ತಿಲ್ಲಮ್ಮ. ಈ ಔಷಧಿಯ ನಿದ್ದೆ ಪೂರ್ತಿ ಇಳಿಯೋವರೆಗೂ, ಗೊತ್ತು ಅಂತ ಯಾರು ಹೇಳಿದ್ರೂ ನಂಬಬೇಡ. ನಾನು ಹೇಳಿದ್ರೂ ನಂಬಬೇಡ."

ಅಮ್ಮನಿಗೆ ಇದೊಂದೂ ಹಿಡಿಸಲಿಲ್ಲ. ಅಪ್ಪನ ಕೈ ಮುಟ್ಟಿ ನೋಡಿದಳು.

"ಮಂಜುಗಡ್ಡೆ ಆಗಿದ್ದಾರೆ! ನಿಮಗೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ ಐಲಿ. ನಾವೇ ತಣ್ಣಗಿಟ್ಟಿರೋದು."

"ನಮ್ಮನೇಲಿ ಬೆನ್ನು ಹಿಡಿದ್ರೂ ಸೌನಾ, ನೆಗಡಿಯಾದ್ರೂ ಸೌನಾ. ನಮ್ಮಮ್ಮನನ್ನ ಹೆತ್ತಿದ್ದೇ ಸೌನಾದಲ್ಲಿ. ಚಳಿ ಹಿಡಿಸಿ ಬದುಕಿಸೋದನ್ನ ನಾನೆಲ್ಲೂ ಕಂಡಿಲ್ಲ!"

ಸಭಿಕರೇ, ನಗಬೇಡಿ. ನಿಮ್ಮಲ್ಲಿ ಯಾರು ಬೇರೆ ಥರ ಬೆಳೆದಿದ್ದೀರಿ?

ಮರುದಿನ ಮಧ್ಯಾಹ್ನ ಯಂತ್ರ ಕೂಗತೊಡಗಿತು. ಅಪ್ಪನ ಮೈಬಿಸಿ ಏರುತ್ತಿತ್ತು. ವೈದ್ಯರು ಓಡಿಬಂದರು, ಎಲ್ಲಿ ಸೋಂಕು ಎಂದು ಹುಡುಕಿದರು, ರಕ್ತ ತೆಗೆದರು. ನಾನು ಗೋಡೆಗೆ ಅಂಟಿ ನಿಂತಿದ್ದೆ. ಹಿಲ್ಕ ಅವರು ಮಾತ್ರ ಗಾಳಿ ಮೂಸಿ ನೋಡಿದರು. ಹೊದಿಕೆಯೊಳಗೆ ಕೈ ಹಾಕಿ ಎರಡೂ ಕಂಕುಳಿಂದ ಓಟ್ಸ್ ಕಾಳು ತುಂಬಿದ ಒಂದೊಂದು ಬಟ್ಟೆ ಚೀಲ ಎಳೆದರು. ಬೆನ್ನು ನೋವಿಗೆ ಬಿಸಿಮಾಡಿ ಒತ್ತಿಕೊಳ್ಳುವ, ನಮ್ಮೆಲ್ಲರ ಮನೆಯಲ್ಲೂ ಇರುವ ಅದೇ ಚೀಲ. ಅಮ್ಮ ಅವನ್ನು ರೋಗಿಗಳ ಮನೆಯವರ ಕೋಣೆಯ ಮೈಕ್ರೋವೇವ್‌ನಲ್ಲಿ ಕಾಯಿಸಿ, ಕೋಟಿನೊಳಗೆ ಬಚ್ಚಿಟ್ಟುಕೊಂಡು ತಂದಿದ್ದಳು.

ಈಗ ಅಮ್ಮನನ್ನು ಹೊರಗೆ ಕಳಿಸುತ್ತಾರೆ ಎಂದುಕೊಂಡೆ. ಹಿಲ್ಕ ಅವರು ಒಂದು ಚೀಲವನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು.

"ಸ್ವಲ್ಪ ಸೀದಿದೆ ಐಲಿ."

ಅಮ್ಮ ಅಳತೊಡಗಿದಳು. "ನಾನೇ ಉಳಿಸಿ, ನಾನೇ ಕೊಂದುಬಿಟ್ನಾ?"

"ಇಲ್ಲ. ಬೇಗ ಸಿಕ್ತಲ್ಲ. ಬನ್ನಿ ಇಲ್ಲಿ. ಅವರ ದವಡೆ ನೋಡಿ, ನಡುಗ್ತಿದೆ. ಹಾಗೆ ನಡುಗಿದ್ರೆ ಮೈ ಬಿಸಿಯಾಗುತ್ತೆ, ಶಕ್ತಿನೂ ಖರ್ಚಾಗುತ್ತೆ. ಆ ಶಕ್ತಿ ಹೃದಯಕ್ಕೂ ಮಿದುಳಿಗೂ ಬೇಕು. ಅಂಗೈ, ಅಂಗಾಲು ಬೆಚ್ಚಗಿದ್ರೆ ಮೈ ಮೋಸಹೋಗುತ್ತೆ, ನಡುಕ ಕಡಿಮೆಯಾಗುತ್ತೆ. ಉಣ್ಣೆ ಕಾಲುಚೀಲ ಹೆಣೆದಿರೋದು ಇದ್ಯಾ?"

ಉಣ್ಣೆ ಕಾಲುಚೀಲ ಇದೆಯಾ ಎಂದು ನಮ್ಮಮ್ಮನನ್ನು ಕೇಳಿದರು! ಅವಳ ಕೈಚೀಲದಿಂದ ಮೂರು ಜೊತೆ ಹೊರಬಂದವು.

"ಪಾದಕ್ಕೆ ಮಾತ್ರ. ಮಿಕ್ಕಿದ್ದು ನನಗೆ ಬಿಡಿ. ನೀವು ಕೈ ಹಿಡ್ಕೊಂಡು ಕೂತ್ಕೊಳ್ಳಿ."

ಅಂದಿನಿಂದ ಅಮ್ಮ ಆ ಘಟಕದ ಸಿಬ್ಬಂದಿಯೇ ಆಗಿಬಿಟ್ಟಳು. ದವಡೆ ನಡುಗಿದರೆ ಯಂತ್ರಕ್ಕಿಂತ ಮೊದಲು ಅವಳೇ ಕೂಗುತ್ತಿದ್ದಳು.

ನನ್ನನ್ನೂ ಹಿಲ್ಕ ಅವರು ಸುಮ್ಮನೆ ಬಿಡಲಿಲ್ಲ. "ಮಾತಾಡು. ಕೇಳಿಸಿದ್ರೂ ಕೇಳಿಸಬಹುದು" ಎಂದರು. ನಾನು ಓದಿದ ಪುಸ್ತಕಗಳಲ್ಲಿ ಎಷ್ಟು ಮಾತುಗಳಿದ್ದವು! ಒಂದೂ ಬಾಯಿಗೆ ಬರಲಿಲ್ಲ. ಕೊನೆಗೆ, "ಅಪ್ಪಾ, ಬಸ್ ನಿಲ್ದಾಣದಲ್ಲಿ ಹಿಮ ತುಂಬಿದೆ" ಎಂದೆ. ಅಷ್ಟೇ. ಹಿಲ್ಕ ಅವರು ಕಿಟಕಿಯ ಕಡೆ ತಿರುಗಿ ನಿಂತರು.

ಔಷಧಿ ನಿಲ್ಲಿಸಿದ ಮೇಲೂ ಅಪ್ಪ ಕಣ್ಣು ತೆರೆಯಲಿಲ್ಲ. ನೋಡಲು ಬಂದ ಸಂಬಂಧಿಕರು ಇನ್ನು ಆಸೆಯಿಲ್ಲವೆಂಬಂತೆ ಮೆಲ್ಲನೆ ತಲೆ ಆಡಿಸಿದರು. "ಇನ್ನೂ ಕಾಯೋಣ" ಎಂದರು ಹಿಲ್ಕ. ಮರುದಿನವೂ ಅದನ್ನೇ ಅಂದರು. ಆಮೇಲೊಂದು ಬೆಳಗ್ಗೆ ಹೊದಿಕೆಯ ತುದಿ ಅಲುಗಿತು. ಅಪ್ಪ ಒಂದು ಪಾದದಿಂದ ಇನ್ನೊಂದರ ಕಾಲುಚೀಲವನ್ನು ಕಳಚಲು ನೋಡುತ್ತಿದ್ದರು. ಗಂಟಲಿನ ನಳಿಕೆ ತೆಗೆದ ಮೇಲೆ ಅವರು ಆಡಿದ ಮೊದಲ ಮಾತು: "ಕಾಲು ಸೆಕೆ."

ಹಿಲ್ಕ ಅವರೇ, ಆವತ್ತು ನೀವು ಅಮ್ಮನನ್ನು ತಬ್ಬಿಕೊಂಡು ಕುಣಿದದ್ದನ್ನು ನಿಮ್ಮ ಮೇಲಧಿಕಾರಿಗಳಿಗೆ ನಾನು ಹೇಳುವುದಿಲ್ಲ.

ಮೊದಲಿನ ಅಪ್ಪ ಸಿಕ್ಕಿದರೇ? ಹೆಚ್ಚುಕಡಿಮೆ ಸಿಕ್ಕಿದರು. ಅಗೋ, ಮೂರನೇ ಸಾಲಿನಲ್ಲಿ, ಎರಡನೇ ಬನ್‌ಗೆ ಕೈ ಹಾಕಿದ್ದಾರೆ. ಈಗ ಗಾಡಿ ಓಡಿಸುವುದಿಲ್ಲ. ಸಣ್ಣಪುಟ್ಟದ್ದು ಮರೆಯುತ್ತದೆ. ಬೆಳಗ್ಗೆ ನಾನು ಹೊರಡುವಾಗ, "ನಿಲ್ದಾಣದ ಹಿಮ ತೆಗ್ದಿದ್ದಾರಾ?" ಎಂದು ಕೇಳುತ್ತಾರೆ. ತೆಗ್ದಿದ್ದಾರೆ ಅಪ್ಪ ಎನ್ನುತ್ತೇನೆ. ಷೂ ಕಟ್ಟುವಷ್ಟರಲ್ಲಿ ಮತ್ತೆ ಕೇಳುತ್ತಾರೆ. ನಾನು ಹುಟ್ಟಿದಾಗಿನಿಂದ ಏನನ್ನೂ ಕೇಳದ ಅಪ್ಪ ದಿನಕ್ಕೆರಡು ಸಲ ಕೇಳುತ್ತಾರೆ. ನನಗೇನೂ ಬೇಸರವಿಲ್ಲ.

ಗಮನ ಕೂಡಿಬರಲೆಂದು ಅಮ್ಮ ಅವರಿಗೆ ಹೆಣಿಗೆ ಕಲಿಸಿದ್ದಾಳೆ. ಹಿಲ್ಕ ಅವರೇ, ಈ ಪೊಟ್ಟಣದಲ್ಲಿ ನಿಮಗಾಗಿ ಒಂದು ಜೊತೆ ಕಾಲುಚೀಲವಿದೆ. ಒಂದು ಅಮ್ಮ ಹೆಣೆದದ್ದು, ನಿಮ್ಮ ಅಳತೆಗೆ ಸರಿಯಾಗಿದೆ. ಇನ್ನೊಂದು ನಿಮ್ಮ ಮೊಣಕಾಲು ದಾಟುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಅಪ್ಪನಿಗೆ ಮರೆತುಹೋಯಿತು. ಅಮ್ಮ ಬಿಚ್ಚಲು ಹೋದಳು, ಅಪ್ಪ ಬಿಡಲಿಲ್ಲ. "ಹಿಲ್ಕ ಅವರೇನು ಕಾಯೋದನ್ನ ನಿಲ್ಲಿಸಿದ್ರಾ?" ಎಂದರು.

ಇಷ್ಟು ಹೊತ್ತು ಕಾಫಿ ಆರಿಸಿಕೊಂಡು ಕೇಳಿದ ನಿಮಗೆಲ್ಲ ಧನ್ಯವಾದ. ಹಿಲ್ಕ ಅವರೇ, ನಿಮಗೆ ನಮ್ಮ ಮೂವರ ನಮಸ್ಕಾರ.