ಬಾಗಿಲ ಪಕ್ಕದ ಜಾಗ

ಆಪಿಯಾ ಎಂಬ ದ್ವೀಪನಗರದ ಬಸ್ಸಿನಲ್ಲಿ ಸೀಟು ತುಂಬಿದ ಮೇಲೂ ಯಾರೂ ನಿಲ್ಲುವುದಿಲ್ಲ; ಕೂತವರ ತೊಡೆಯೇ ಸೀಟು. ನನ್ನ ತೊಡೆಯ ಮೇಲೂ ಗುರುತಿಲ್ಲದ ಹೆಂಗಸೊಬ್ಬಳಿದ್ದಳು. ಹುಡುಗಿಯೊಬ್ಬಳು ಮಾತ್ರ ಕಂಬಿ ಹಿಡಿದು ನಿಂತೇ ಇದ್ದಳು. ನನ್ನ ಮುಂದಿನ ಸೀಟಿನ ಮುದುಕಿ ತೊಡೆ ತಟ್ಟಿ ಕರೆದಳು.

“ಬಾರೇ ತಿಲೊಮಾಯಿ, ಕೂತ್ಕೋ. ನನ್ ತೊಡೆ ಏನ್ ಚುಚ್ಚುತ್ತಾ?”

“ಬೇಡ ದೊಡ್ಡಮ್ಮ.”

“ಹೆತ್ತು ನಾಲ್ಕು ತಿಂಗಳಾಯ್ತು. ಚರ್ಚಿಗೆ ಹಾಡೋಕೂ ಬರಲ್ಲ. ಮಗ ಹುಟ್ಟಿದ್ಮೇಲೆ ಜಂಬ ಬಂದಿದೆ ಅಂತಾರೆ.”

“ಅನ್ನಲಿ ಬಿಡಿ.”

“ನಾನೂ ಅಂದೆ ಕಣೇ.”

ಹುಡುಗಿ ಬಗ್ಗಿ ದನಿ ತಗ್ಗಿಸಿದಳು.

“ಹೆರಿಗೆಲಿ ಹಿಂದಿನವರೆಗೂ ಹರೀತು ದೊಡ್ಡಮ್ಮ. ಹೊಲಿಗೆ ಹಾಕಿದ್ರು. ಆದ್ರೂ ಕಕ್ಕಸು ತಡ್ಕೊಳ್ಳೋಕಾಗಲ್ಲ, ಗೊತ್ತಾಗದೇನೇ ಹೋಗ್ಬಿಡುತ್ತೆ. ಭಾನುವಾರ ಎಲ್ಲಾರೂ ಬಿಳಿ ಬಟ್ಟೆ ಹಾಕ್ಬೇಕಲ್ಲ, ಹೇಗ್ ಬರ್ಲಿ?”

ಮುದುಕಿ ತೊಡೆ ಮೇಲಿನ ಕೈ ತೆಗೆದಳು.

“ಡಾಕ್ಟರು ಏನಂದ್ರು?”

“ಇನ್ನೊಂದ್ ಆಪರೇಷನ್ ಮಾಡಿದ್ರೆ ವಾಸಿ ಆಗ್ಬಹುದಂತೆ.”

“ವಾಸಿ ಆಗುತ್ತಾ ಇದು?”

“ಹೂಂ, ಹಂಗಂದ್ರು. ಯಾಕೆ?”

“ಚರ್ಚಲ್ಲಿ ನಾನೆಲ್ಲಿ ಕೂರ್ತೀನಿ ಹೇಳು?”

“ಕೊನೇಲಿ, ಬಾಗಿಲ ಪಕ್ಕ. ನಿಮ್ಮಷ್ಟು ವಿನಯ ಯಾರಿಗೂ ಇಲ್ಲ ಅಂತ ಪಾದ್ರಿಗಳೇ ಹೇಳ್ತಾರೆ.”

“ವಿನಯ ಅಲ್ಲ ಕಣೇ ಮಗಳೇ. ಮೂವತ್ತೆರಡು ವರ್ಷ ಆಯ್ತು. ನಾನ್ ಯಾರಿಗೂ ಹೇಳ್ಲಿಲ್ಲ. ವಾಸಿ ಆಗುತ್ತೆ ಅಂತ ನಂಗೂ ಯಾರೂ ಹೇಳ್ಲಿಲ್ಲ.”

ಅವರ ಊರು ಬಂತು. ಮುದುಕಿ ಎದ್ದು, ಸೀಟಿನ ಮೇಲೆ ಹಾಸಿಕೊಂಡಿದ್ದ ಬಟ್ಟೆಯನ್ನು ಮಡಚಿ ಬುಟ್ಟಿಯೊಳಗಿಟ್ಟಳು. ಹುಡುಗಿಯನ್ನು ಮುಂದೆ ಬಿಟ್ಟು, ಅವಳ ಹಿಂಭಾಗ ಯಾರಿಗೂ ಕಾಣದಂತೆ ಬೆನ್ನಿಗೆ ಅಂಟಿಕೊಂಡೇ ಇಳಿದಳು.

ಮುದುಕಿಯ ಹಿಂದೆ ಯಾರೂ ಇರಲಿಲ್ಲ.